ನೂರರಲ್ಲಿ ಏಳು ಹೋದರೆ ನೂರ ಏಳು

ಲೆಕ್ಕವನ್ನು ಸರಿಯಾಗಿ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಐವತ್ತೆರಡರಲ್ಲಿ ಹದಿನೇಳು ಹೋದರೆ ಎಷ್ಟು ಎಂದು ಕೇಳಿ. ಬೈದುಕೊಂಡಾದರೂ ಮೂವತ್ತೈದು ಎಂದು ಹೇಳಿಯೇ ಮುಂದೆ ಹೋಗುತ್ತಾರೆ. ಲೆಕ್ಕವನ್ನು ಸರಿಯಾಗಿ ತಪ್ಪು ಮಾಡುವುದಿದೆಯಲ್ಲ, ಅದಕ್ಕೆ ಸಾಧನೆ ಬೇಕು. ಎರಡನೇ ತರಗತಿಯ ಮಗು ಯಾವ ಕಲ್ಲಿಗೆ ಎಡವುತ್ತದೋ ಅದೇ ಕಲ್ಲಿಗೆ, ಅದೇ ಕಾಲಿನಿಂದ ಎಡವಬೇಕು. ಆ ಸಾಧನೆ ನನಗಿತ್ತು. ಅದರಿಂದ ನನ್ನ ಮಾನ, ನೌಕರಿ, ಸಂಸಾರ ಮೂರೂ ನೀರುಪಾಲಾಗುವುದು ಹೇಗೆ ಸ್ವಲ್ಪದರಲ್ಲಿ ತಪ್ಪಿತು ಎಂಬುದನ್ನು ಹೇಳುತ್ತೇನೆ, ಕೇಳಿ.

ನಾನು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಅಂದರೆ ಮಕ್ಕಳಿಗೆ ಲೆಕ್ಕ ಹೇಳಿಕೊಡುವವನಲ್ಲ. ಮುಂದೆ ಮಕ್ಕಳಿಗೆ ಲೆಕ್ಕ ಹೇಳಿಕೊಡಲಿರುವವರಿಗೆ, ಅದನ್ನು ಹೇಗೆ ಹೇಳಿಕೊಡಬೇಕೆಂದು ಹೇಳಿಕೊಡುವವನು. ಇದನ್ನು ನನ್ನ ಅತ್ತೆಯವರಿಗೆ ವಿವರಿಸಿ ವಿವರಿಸಿ ಸೋತಿದ್ದೇನೆ. "ಹಾಗಾದ್ರೆ ಮಕ್ಕಳಿಗೆ ಯಾರು ಹೇಳ್ಕೊಡ್ತಾರೆ ಅಳಿಯಂದ್ರೇ?" ಎಂದು ಅವರು ಇಂದಿಗೂ ಕೇಳುತ್ತಾರೆ.

ನನ್ನ ನೌಕರಿ ತಾತ್ಕಾಲಿಕ. ತಾತ್ಕಾಲಿಕವೆಂದರೆ ಮದುವೆಗೆ ಮುಂಚಿನಿಂದಲೂ ತಾತ್ಕಾಲಿಕ. ಆದ್ದರಿಂದ ನಮ್ಮ ಮನೆಯೂ ತಾತ್ಕಾಲಿಕವಾಗಿಯೇ ನಡೆಯುತ್ತಿತ್ತು. ಬೀರುವಿನ ಬಾಗಿಲಿಗೆ ಹಿಡಿಯಿಲ್ಲ. ಸಂದಿಯಲ್ಲಿ ಸೌಟು ತೂರಿಸಿ ಮೀಟಿದರೆ ತೆರೆದುಕೊಳ್ಳುತ್ತದೆ. "ಖಾಯಂ ಆಗ್ಲಿ, ಹಾಕ್ಸೋಣ" ಎನ್ನುತ್ತಾಳೆ ನನ್ನ ಹೆಂಡತಿ. ಕುರ್ಚಿಯ ಮುರಿದ ಕಾಲಿಗೂ, ಕಿಟಕಿಯ ಹರಿದ ಪರದೆಗೂ ಅವಳ ಉತ್ತರ ಅದೇ. ಈ ವರ್ಷ ಅಂತೂ ಆ ದಿನ ಬಂದಿತ್ತು. ಇಲಾಖೆಯ ಅಧಿಕಾರಿ ಒಬ್ಬರು ಬಂದು ನನ್ನ ತರಗತಿ ನೋಡುತ್ತಾರೆ. ಮೆಚ್ಚಿ ಸಹಿ ಹಾಕಿದರೆ ನಾನು ಖಾಯಂ, ಹಾಕದಿದ್ದರೆ ಸೀದಾ ಮನೆ.

ನನ್ನ ತರಗತಿಯಲ್ಲಿ ಒಂದು ಪದ್ಧತಿಯುಂಟು. ಮುಂದೆ ಮೇಷ್ಟ್ರಾಗುವವರು ಒಬ್ಬೊಬ್ಬರಾಗಿ ಬೋರ್ಡಿನ ಮುಂದೆ ನಿಂತು ಪಾಠ ಮಾಡಬೇಕು. ಮಿಕ್ಕವರೆಲ್ಲ ಮೀಸೆ ಬಂದಿದ್ದರೂ, ಮದುವೆಯಾಗಿದ್ದರೂ, ಎರಡನೇ ತರಗತಿಯ ಮಕ್ಕಳಾಗಿ ಬೆಂಚಿನ ಮೇಲೆ ಕೂರಬೇಕು. ಕೊನೆಯ ಬೆಂಚಿನಲ್ಲಿ ನಾನು. ಅಲ್ಲಿ ಕೂತೊಡನೆ ನಾನು ಮೇಷ್ಟ್ರಲ್ಲ, ಪುಟ್ಟ. ಪುಟ್ಟನಿಗೆ ಕಳೆಯುವ ಲೆಕ್ಕ ಬರುವುದಿಲ್ಲ. ಬರುವುದಿಲ್ಲವೆಂದರೆ ಪಾಪ, ಅವನದೇ ಒಂದು ನ್ಯಾಯವಿದೆ: ಮೇಲಿರಲಿ ಕೆಳಗಿರಲಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆದುಬಿಡುವುದು. ಐವತ್ತೆರಡರಲ್ಲಿ ಹದಿನೇಳು ಕಳೆ ಎಂದರೆ ಬಿಡಿಸ್ಥಾನದ ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಏಳರಲ್ಲಿ ಎರಡು ಕಳೆದು ಐದು, ಐದರಲ್ಲಿ ಒಂದು ಹೋದರೆ ನಾಲ್ಕು, ಉತ್ತರ ನಲವತ್ತೈದು. ಪುಟ್ಟನ ತಲೆಗೆ ಸರಿಯಾದ ಲೆಕ್ಕ ಹತ್ತಿಸಿದವರು ನನ್ನ ಪರೀಕ್ಷೆಯಲ್ಲಿ ಪಾಸು.

ಯಾರೂ ಹತ್ತಿಸುತ್ತಿರಲಿಲ್ಲ. ಎಲ್ಲರೂ ತಾವು ಚಿಕ್ಕವರಿದ್ದಾಗ ಕಲಿತ ಮಂತ್ರವನ್ನೇ ಪಠಿಸುತ್ತಿದ್ದರು: "ಪಕ್ಕದ ಮನೆಯಿಂದ ಒಂದು ಕಡ ತಗೋ." ಪುಟ್ಟ ಕೈ ಎತ್ತಿ ಕೇಳುತ್ತಿದ್ದ: "ಒಂದು ಕಡ ತಗೊಂಡ್ರೆ ಹತ್ತು ಹೇಗೆ ಬಂತು ಟೀಚರ್? ತಗೊಂಡಿದ್ದನ್ನ ವಾಪಸ್ ಯಾವಾಗ ಕೊಡೋದು?" ಅಲ್ಲಿಗೆ ಟೀಚರ್ ಬಾಯಿಗೆ ಬೀಗ. ನನಗೆ ಒಳಗೊಳಗೇ ಪರಮಾನಂದ.

ಈ ಆನಂದಕ್ಕೆ ಕಲ್ಲು ಹಾಕಿದವಳು ದರ್ಜಿ ಮಗಳು. ತರಗತಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಅವಳಪ್ಪನ ಹೊಲಿಗೆ ಅಂಗಡಿ ಕಾಲೇಜಿನ ಎದುರಿಗೇ ಇದೆ. ಗಾಬರಿಯ ಹುಡುಗಿ. ಸೀಮೆಸುಣ್ಣ ಹಿಡಿದರೆ ಎರಡು ತುಂಡು ಮಾಡುತ್ತಾಳೆ. ಅವತ್ತು ಪಾಠ ಕೆಟ್ಟು, ಅರ್ಧಕ್ಕೇ ನಿಲ್ಲಿಸಿ, ಅಳು ನಗು ಎರಡೂ ಬೆರೆತ ಮುಖದಲ್ಲಿ ಹೇಳಿದಳು: "ಸರ್, ಆಗಲ್ಲ ಸರ್. ನಿಮಗೆ ಲೆಕ್ಕ ಗೊತ್ತು ಅಂತ ನಿಮ್ಮ ಮುಖದಲ್ಲೇ ಬರ್ದಿದೆ. ಗೊತ್ತಿರೋರಿಗೆ ಹೇಗೆ ಹೇಳ್ಕೊಡೋದು? ನೀವು ನಾಟಕ ಆಡ್ತಿದ್ದೀರ ಅಂತ ನಗು ಬರುತ್ತೆ."

ನಾಟಕ! ಇಷ್ಟು ವರ್ಷದ ನನ್ನ ಸಾಧನೆಗೆ ನಾಟಕವೆಂಬ ಹೆಸರು! ಅದೂ ನಗು ಬರುವ ನಾಟಕ! ನನ್ನ ಅಭಿಮಾನಕ್ಕೆ ಮೆಣಸಿನಪುಡಿ ಹಚ್ಚಿದಂತಾಯಿತು. ಅಧಿಕಾರಿ ಬರುವಷ್ಟರಲ್ಲಿ ಪುಟ್ಟನನ್ನು ಎಷ್ಟು ಪಕ್ಕಾ ಮಾಡಿಬಿಡಬೇಕೆಂದರೆ, ಕನ್ನಡಿ ನೋಡಿಕೊಂಡರೆ ನನಗೇ ಅಯ್ಯೋ ಪಾಪ ಎನ್ನಿಸಬೇಕು ಎಂದು ಪಣ ತೊಟ್ಟೆ.

ಅಭ್ಯಾಸಕ್ಕೆ ಬಚ್ಚಲುಮನೆಯನ್ನು ಆರಿಸಿಕೊಂಡೆ. ಅಲ್ಲಿ ಕನ್ನಡಿಯಿತ್ತು, ಏಕಾಂತವಿತ್ತು, ಧ್ವನಿ ಗುಂಯ್ ಎನ್ನುತ್ತಿತ್ತು. ಏಕಾಂತವೆಂದದ್ದು ನನ್ನ ತಪ್ಪು ತಿಳಿವಳಿಕೆ. ಗೋಡೆಯ ಆಚೆಗೆ ಪಕ್ಕದ ಮನೆಯ ಬಚ್ಚಲು. ಆ ಬಚ್ಚಲಿನಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರು. ಅವರು ದಾಡಿ ಮಾಡಿಕೊಳ್ಳುತ್ತಿದ್ದಾಗ ಗೋಡೆಯ ಈಚೆಯಿಂದ ಐವತ್ತರ ಸಮೀಪದ ಗಂಡಸೊಬ್ಬ ಬಿಕ್ಕುತ್ತಾ ಹೀಗೆ ಹೇಳಿದ್ದು ಕೇಳಿಸಿತಂತೆ: "ಎರಡರಲ್ಲಿ ಏಳು ಹೋಗಲ್ಲ... ಹೋಗಲ್ಲ ಅಂದ್ರೆ ಹೋಗಲ್ಲ... ನಲವತ್ತೈದೇ! ನಲವತ್ತೈದೇ! ನನ್ನನ್ನ ಬೈಬೇಡಿ!"

ಪೋಸ್ಟ್‌ಮಾಸ್ಟರು ದಾಡಿಯನ್ನು ಅರ್ಧಕ್ಕೇ ಬಿಟ್ಟು, ಒಂದು ಕೆನ್ನೆಯ ಸೋಪಿನೊಂದಿಗೇ ನಮ್ಮ ಅಡುಗೆಮನೆಯ ಕಿಟಕಿಗೆ ಬಂದರು. "ತಾಯೀ, ಗಾಬರಿ ಆಗ್ಬೇಡಿ. ಮೇಷ್ಟ್ರಿಗೆ ಕಳೆಯೋ ಲೆಕ್ಕ ಹೋಗ್ಬಿಟ್ಟಿದೆ. ನಮ್ಮ ಆಫೀಸಲ್ಲೂ ಒಬ್ರಿಗೆ ಹೀಗೇ ಶುರು ಆಯ್ತು. ಮೊದಲು ಲೆಕ್ಕ ಹೋಯ್ತು, ಆಮೇಲೆ ಹೆಂಡ್ತಿ ಹೆಸರು ಹೋಯ್ತು. ಇದು ನಮ್ಮಿಬ್ಬರಲ್ಲೇ ಇರ್ಲಿ."

ಸೇವೆಯಲ್ಲಿದ್ದಷ್ಟು ಕಾಲ ಒಂದು ಕಾಗದವನ್ನೂ ತಡಮಾಡದ ಮನುಷ್ಯ ಅವರು. ಸಂಜೆಯೊಳಗೆ ಸುದ್ದಿ ಬೀದಿಯ ಮನೆಮನೆಗೂ ಬಟವಾಡೆಯಾಗಿತ್ತು.

ಇದೊಂದೂ ನನಗೆ ಗೊತ್ತಿಲ್ಲ. ರೋಗಿಗೆ ರೋಗದ ಸುದ್ದಿ ಕೊನೆಗೆ ತಲುಪಬೇಕೆಂಬುದು ಲೋಕರೂಢಿಯಷ್ಟೆ. ಊಟಕ್ಕೆ ಕೂತಾಗ ಹೆಂಡತಿ ಬಡಿಸುತ್ತಾ, ಏನೂ ಆಗದವಳ ಹಾಗೆ ಕೇಳಿದಳು: "ರೀ, ಮೂವತ್ತೊಂದರಲ್ಲಿ ಹದಿನಾಲ್ಕು ಹೋದ್ರೆ ಎಷ್ಟು?"

ಬೆಳಗಿನಿಂದ ಪುಟ್ಟನಾಗಿದ್ದವನು ನಾನು. ನಾಲಿಗೆ ತಾನಾಗಿ ಹೊರಳಿತು. "ಇಪ್ಪತ್ಮೂರು" ಎಂದೆ, ತುತ್ತು ನುಂಗುತ್ತಾ.

ಅವಳು ಎದ್ದು ಒಳಗೆ ಹೋದಳು. ನೀರು ತರಲು ಹೋದಳೆಂದುಕೊಂಡೆ. ಕಣ್ಣು ಕೆಂಪಾಗಿ ಬಂದಳು. ಈರುಳ್ಳಿ ಹೆಚ್ಚಿದ್ದಾಳೆಂದುಕೊಂಡೆ. ಊಟದ ನಡುವೆ ಈರುಳ್ಳಿ ಯಾಕೆ ಹೆಚ್ಚುತ್ತಾಳೆಂದು ಯೋಚಿಸುವಷ್ಟು ಬುದ್ಧಿ ದೇವರು ನನಗೆ ಕೊಟ್ಟಿಲ್ಲ.

ಮರುದಿನದಿಂದ ಲೋಕವೇ ಬದಲಾಯಿತು. ಪೋಸ್ಟ್‌ಮಾಸ್ಟರು ರಸ್ತೆ ದಾಟುವಾಗ ನನ್ನ ಕೈ ಹಿಡಿದುಕೊಂಡರು. ಎದುರುಮನೆಯವರು ಎದ್ದು ನಿಂತು "ಆರಾಮಾ ಸರ್, ಆರಾಮಾ?" ಎಂದರು. ಯಾವಾಗಲೂ ಗಂಟುಮುಖದ ಬಸ್ಸಿನ ಕಂಡಕ್ಟರು ಕಿಟಕಿಯ ಸೀಟು ಖಾಲಿ ಮಾಡಿಸಿ ಕೂರಿಸಿದ. ಓಹೋ, ಖಾಯಂ ಆಗುವ ಸುದ್ದಿ ಹಬ್ಬಿಬಿಟ್ಟಿದೆ ಎಂದುಕೊಂಡೆ. ಮನುಷ್ಯನಿಗೆ ಮರ್ಯಾದೆ ಬರುವುದೇ ಖಾಯಂ ಆದಮೇಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಾನೂ ಸ್ವಲ್ಪ ನಿಧಾನವಾಗಿ, ಗಂಭೀರವಾಗಿ, ಎಲ್ಲರಿಗೂ ಕೈಯೆತ್ತಿ ನಡೆಯತೊಡಗಿದೆ. ಅದನ್ನು ನೋಡಿ "ಅಯ್ಯೋ, ನಡಿಗೇನೂ ಹೋಯ್ತು" ಎಂದು ಪೋಸ್ಟ್‌ಮಾಸ್ಟರು ಅಂದರಂತೆ.

ಅಷ್ಟರಲ್ಲಿ ಅತ್ತೆ ಬಂದಿಳಿದರು, ಚೀಲ ಸಮೇತ. ನನ್ನೆದುರು ಕೂತು ಮೂರು ಬೆರಳು ಎತ್ತಿ, ಕಿವುಡರ ಜೊತೆ ಮಾತಾಡುವಂತೆ ಗಟ್ಟಿಯಾಗಿ, ನಿಧಾನವಾಗಿ ಕೇಳಿದರು: "ಅಳಿಯಂದ್ರೇ. ಇದು. ಎಷ್ಟು?"

ಅಂತೂ ಅತ್ತೆಗೆ ನನ್ನ ವೃತ್ತಿಯಲ್ಲಿ ಆಸಕ್ತಿ ಹುಟ್ಟಿತಲ್ಲ ಎಂದು ನನಗೆ ಹೃದಯ ತುಂಬಿ ಬಂತು. "ಎಣಿಸಿ ಹೇಳ್ಲಾ, ನೋಡಿದ ತಕ್ಷಣ ಹೇಳ್ಲಾ ಅತ್ತೇ? ಎರಡಕ್ಕೂ ಬಹಳ ವ್ಯತ್ಯಾಸ ಇದೆ" ಎಂದೆ. ಅತ್ತೆ ಬೆರಳು ಮಡಚಿಕೊಂಡು ಮಗಳ ಮುಖ ನೋಡಿದರು.

ಮಾರನೆಯ ದಿನ ಹೆಂಡತಿ "ಖಾಯಂ ಆಗೋಕೆ ಡಾಕ್ಟ್ರ ಸರ್ಟಿಫಿಕೇಟ್ ಬೇಕಲ್ವಾ, ಬನ್ನಿ" ಎಂದು ಬೀದಿಯ ಕೊನೆಯ ಕ್ಲಿನಿಕ್ಕಿಗೆ ಕರೆದೊಯ್ದಳು. ಎಷ್ಟು ಮುಂದಾಲೋಚನೆಯ ಹೆಂಗಸು ಎಂದು ಹೆಮ್ಮೆಪಟ್ಟೆ. ಡಾಕ್ಟರು ನಾಡಿ ನೋಡಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು, ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಮೃದುವಾಗಿ ಹೇಳಿದರು: "ನೂರರಿಂದ ಏಳೇಳು ಕಳೀತಾ ಹೋಗಿ, ನೋಡೋಣ."

ನನಗೆ ರೋಮಾಂಚನವಾಯಿತು. ಡಾಕ್ಟರಿಗೂ ಗಣಿತ ಬೋಧನೆಯ ಹುಚ್ಚಿದೆ ಎಂದು ಯಾರಿಗೆ ಗೊತ್ತಿತ್ತು? "ಯಾವ ತರಗತಿ ಮಗು ಥರ ಕಳೀಲಿ ಡಾಕ್ಟ್ರೇ?" ಎಂದೆ.

ಡಾಕ್ಟರು ನನ್ನ ಹೆಂಡತಿಯನ್ನು ನೋಡಿದರು. ಅವಳು ಸೆರಗಿನ ತುದಿ ಬಾಯಿಗಿಟ್ಟುಕೊಂಡಳು.

"ನಿಮಗೆ ಹೇಗೆ ಬರುತ್ತೋ ಹಾಗೆ."

"ಹಾಗಾದ್ರೆ ಎರಡನೇ ತರಗತಿ" ಎಂದು ಪುಟ್ಟನನ್ನು ಬರಮಾಡಿಕೊಂಡೆ. "ಸೊನ್ನೇಲಿ ಏಳು ಹೋಗಲ್ಲ. ಅದಕ್ಕೆ ಏಳರಲ್ಲಿ ಸೊನ್ನೆ ಕಳೀಬೇಕು. ನೂರ ಏಳು!"

"ನೂರರಲ್ಲಿ ಏಳು ಹೋದ್ರೆ... ನೂರ ಏಳಾ?"

"ಹೂಂ. ಇನ್ನೂ ಇದೆ ಕೇಳಿ. ನೂರ ಏಳರಲ್ಲಿ ಏಳು ಹೋದ್ರೆ ನೂರು. ನೂರರಲ್ಲಿ ಏಳು ಹೋದ್ರೆ ಮತ್ತೆ ನೂರ ಏಳು. ಮತ್ತೆ ನೂರು. ಮತ್ತೆ ನೂರ ಏಳು. ಸಾಯೋ ತನಕ ಕಳೀತಾ ಇರಬಹುದು ಡಾಕ್ಟ್ರೇ, ಮುಗಿಯೋದೇ ಇಲ್ಲ! ಎಂಥಾ ಚಂದ ನೋಡಿ!" ಎಂದು ಚಪ್ಪಾಳೆ ತಟ್ಟಿದೆ. ಈ ಸೊಬಗು ನನಗೂ ಆಗಲೇ ಹೊಳೆದದ್ದು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಮನಸ್ಸಿಗೆ ಆಯಾಸ ಆಗ್ಬಾರ್ದು. ಎದುರು ಮಾತಾಡ್ಬೇಡಿ. ಏನು ಹೇಳಿದ್ರೂ ಹೂಂ ಅನ್ನಿ" ಎಂದು ನನ್ನ ಹೆಂಡತಿಗೆ ಹೇಳಿದರು. ಅಂದಿನಿಂದ ಮನೆಯಲ್ಲಿ ನಾನು ಏನು ಹೇಳಿದರೂ ಹೂಂ. ಮದುವೆಯಾದಂದಿನಿಂದ ಕಾಣದ ಸುಖ. ಖಾಯಂ ನೌಕರಿಯ ಮಹಿಮೆಯನ್ನು ಮನಸ್ಸಿನಲ್ಲೇ ಕೊಂಡಾಡಿದೆ.

ಅಧಿಕಾರಿ ಬರುವ ದಿನ ಬಂತು. ಇಸ್ತ್ರಿ ಅಂಗಿ ತೊಟ್ಟು ಕಾಲೇಜಿಗೆ ಹೋದರೆ ಪ್ರಿನ್ಸಿಪಾಲರು ಬಾಗಿಲಲ್ಲೇ ನನ್ನನ್ನು ತಡೆದು, ನಕಾಶೆ ತೂಗುಹಾಕುವ ಕೋಣೆಗೆ ಎಳೆದುಕೊಂಡು ಹೋದರು. ಕನ್ನಡಕ ಒರೆಸಿಕೊಳ್ಳುತ್ತಾ ಪಿಸುಗುಟ್ಟಿದರು: "ನೋಡಿ, ಇವತ್ತು ಪಾಠ ದರ್ಜಿ ಮಗಳು ಮಾಡ್ತಾಳೆ. ನೀವು ಸುಮ್ನೆ ಹಿಂದೆ ಕೂತಿರಿ. ಬಾಯಿ ಬಿಡ್ಬೇಡಿ."

"ಯಾಕೆ ಸರ್?"

"ನಿಮ್ಮ ಮನೆಯವ್ರು ಬಂದು ಅತ್ಕೊಂಡು ಎಲ್ಲಾ ಹೇಳಿದ್ದಾರೆ. ನಿಮಗೆ ಕಳೆಯೋ ಲೆಕ್ಕ ಮರ್ತುಹೋಗಿದೆ ಅಂತ ಇಡೀ ಕಾಲೇಜಿಗೆ ಗೊತ್ತು. ಆ ಅಧಿಕಾರಿ ಮೇಡಂಗೆ ಗೊತ್ತಾಯ್ತೋ, ಖಾಯಂ ಮಾತಿರ್ಲಿ, ನಾಳೆಯಿಂದ ಬರೋದೇ ಬೇಡ ಅಂತಾರೆ."

ಕಂಡಕ್ಟರು, ಪೋಸ್ಟ್‌ಮಾಸ್ಟರು, ಅತ್ತೆಯ ಮೂರು ಬೆರಳು, ಹೆಂಡತಿಯ ಹೂಂ, ಊಟದ ನಡುವಿನ ಈರುಳ್ಳಿ ಎಲ್ಲವೂ ಒಂದೇ ಏಟಿಗೆ ಅರ್ಥವಾದವು. "ಸರ್, ಅದು ಪುಟ್ಟ ಸರ್!" ಎಂದೆ.

"ಹೂಂ ಹೂಂ, ಪುಟ್ಟ" ಎಂದು ಬೆನ್ನು ಸವರಿದರು ಪ್ರಿನ್ಸಿಪಾಲರು. ಎಲ್ಲದಕ್ಕೂ ಹೂಂ ಅನ್ನಬೇಕೆಂಬ ಡಾಕ್ಟರ ಮಾತು ಅವರಿಗೂ ಮುಟ್ಟಿತ್ತು.

ಮುಂದೆ ಮಾತಾಡುವಷ್ಟರಲ್ಲಿ ಗಂಟೆ ಹೊಡೆಯಿತು. ಅಧಿಕಾರಿ ಮೇಡಂ ತರಗತಿಗೆ ಬಂದೇಬಿಟ್ಟರು. ಬಿಗಿಯಾಗಿ ಕಟ್ಟಿದ ಕೂದಲು, ಅದಕ್ಕಿಂತ ಬಿಗಿಯಾದ ಮುಖ. ಅವರ ಹಿಂದೆ ಬಾಗಿಲಲ್ಲಿ, ನಾನು ಮರೆತುಬಂದ ಊಟದ ಡಬ್ಬಿಯ ನೆಪದಲ್ಲಿ ನನ್ನ ಹೆಂಡತಿ. ಅವಳ ಹಿಂದೆ ಪೋಸ್ಟ್‌ಮಾಸ್ಟರು. ಪೋಸ್ಟ್‌ಮಾಸ್ಟರೇ ಗೇಟಿನಲ್ಲಿ ಮೇಡಂ ಅವರನ್ನು ನಿಲ್ಲಿಸಿ, ಕೈ ಮುಗಿದು, "ಅಮ್ಮಾ, ಪಾಪದ ಮನುಷ್ಯ, ಲೆಕ್ಕ ಒಂದು ಹೋಗಿದೆ ಅಷ್ಟೇ, ಹೊಟ್ಟೆ ಮೇಲೆ ಹೊಡೀಬೇಡಿ" ಎಂದು ಶಿಫಾರಸು ಮಾಡಿ ಬಂದಿದ್ದರೆಂಬುದು ನನಗೆ ಆಮೇಲೆ ತಿಳಿಯಿತು.

ದರ್ಜಿ ಮಗಳು ಎದ್ದಳು. ಬೋರ್ಡಿನ ಕಡೆ ಹೋಗಲಿಲ್ಲ. ಕೊನೆಯ ಬೆಂಚಿಗೆ ಬಂದು, ನನ್ನ ಮುಂದೆ ನೆಲದ ಮೇಲೆ ಕೂತಳು. ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. "ಪುಟ್ಟಾ, ಐವತ್ತೆರಡರಲ್ಲಿ ಹದಿನೇಳು ಹೋದ್ರೆ ಎಷ್ಟು?"

ಮೂವತ್ತೈದು ಎಂದರೆ ನನ್ನ ತಲೆ ನೆಟ್ಟಗಿದೆಯೆಂದು ಅಲ್ಲಿಗೇ ಸಾಬೀತು. ಆದರೆ ತಪ್ಪೇ ಇಲ್ಲದ ಪುಟ್ಟನಿಗೆ ಅವಳು ಏನು ಹೇಳಿಕೊಡಬೇಕು? ಹುಡುಗಿಯ ಪಾಠ ಹುಟ್ಟುವ ಮೊದಲೇ ಸತ್ತಂತೆ. ನಲವತ್ತೈದು ಎಂದರೆ ಅವಳಿಗೆ ಪಾಠ, ನನಗೆ ಮನೆ ದಾರಿ. ಪ್ರಿನ್ಸಿಪಾಲರು ದೂರದಿಂದ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಹಾಳಾಗಿ ಹೋಗಲಿ ಎಂದುಕೊಂಡು ಬಾಯಿ ಬಿಟ್ಟೆ.

"ನಲವತ್ತೈದು, ಟೀಚರ್."

ಬಾಗಿಲಲ್ಲಿ ಊಟದ ಡಬ್ಬಿ ಧಡ್ ಎಂದು ಬಿತ್ತು.

ದರ್ಜಿ ಮಗಳು ತಪ್ಪು ಎನ್ನಲಿಲ್ಲ. ಕಡ ತಗೋ ಎನ್ನಲಿಲ್ಲ. "ಹೇಗೆ ಬಂತು? ನನಗೂ ತೋರ್ಸು" ಎಂದಳು. ಎರಡರಲ್ಲಿ ಏಳು ಹೋಗದ ಸಂಕಟವನ್ನು ನಾನು ಹೇಳಿಕೊಂಡೆ. ಅವಳು ಹೂಂ ಹೂಂ ಎಂದು ಪೂರ್ತಿ ಕೇಳಿ, ಚೀಲದಿಂದ ಅಂಗಿಯ ಗುಂಡಿಗಳನ್ನು ತೆಗೆದಳು. ಅವಳಪ್ಪನ ಅಂಗಡಿಯವು. ಒಂದೊಂದು ರಟ್ಟಿನ ಕಾರ್ಡಿಗೆ ಹತ್ತು ಹತ್ತು ಗುಂಡಿ ಹೊಲಿದಿರುತ್ತದೆ. ಅಂಥ ಐದು ಕಾರ್ಡು, ಜೊತೆಗೆ ಎರಡು ಬಿಡಿ ಗುಂಡಿ ನನ್ನ ಬೆಂಚಿನ ಮೇಲಿಟ್ಟಳು.

"ಇದು ನಿನ್ನ ಅಂಗಡಿ ಪುಟ್ಟಾ. ಐವತ್ತೆರಡು ಗುಂಡಿ ಇದೆ. ನಾನು ಗಿರಾಕಿ. ಹದಿನೇಳು ಗುಂಡಿ ಕೊಡು."

ನಾನು ಒಂದು ಕಾರ್ಡು ಕೊಟ್ಟೆ. ಹತ್ತಾಯಿತು. ಎರಡು ಬಿಡಿ ಗುಂಡಿ ಕೊಟ್ಟೆ. ಹನ್ನೆರಡಾಯಿತು. ಬಿಡಿ ಮುಗಿಯಿತು.

"ಇನ್ನೂ ಐದು ಬೇಕಲ್ಲ ಅಂಗಡಿಯವ್ರೇ" ಎಂದಳು.

"ಬಿಡಿ ಇಲ್ವಲ್ಲ."

"ಇಲ್ವಾ? ಸರಿಯಾಗಿ ನೋಡು. ನಿಧಾನವಾಗಿ ನೋಡು. ನನಗೇನೂ ಅವಸರ ಇಲ್ಲ." ಅವಳ ಕಣ್ಣಲ್ಲಿ ನೀರು ಕಟ್ಟಿತ್ತು.

ಬೆಂಚಿನ ಮೇಲೆ ಒಂದು ಕತ್ತರಿಯೂ ಇತ್ತು. ನಾನು ಕತ್ತರಿ ನೋಡಿದೆ, ಕಾರ್ಡು ನೋಡಿದೆ. "ಕತ್ತರಿಸಬಹುದಾ?"

"ನಿನ್ನದೇ ಅಂಗಡಿ. ಯಾರನ್ನ ಕೇಳ್ಬೇಕು?"

ದಾರಕ್ಕೆ ಕತ್ತರಿ ಹಾಕಿದೆ. ಗುಂಡಿಗಳು ಪಟಪಟನೆ ಹಾರಿದವು. ಒಂದು ಉರುಳಿಕೊಂಡು ಹೋಗಿ ಅಧಿಕಾರಿ ಮೇಡಂ ಚಪ್ಪಲಿಯ ಬಳಿ ನಿಂತಿತು. ಅವರೇ ಬಗ್ಗಿ ಎತ್ತಿಕೊಟ್ಟರು. ಒಂದು ಕಾರ್ಡು ಹೋಗಿ ಹತ್ತು ಗುಂಡಿ ಆಗಿತ್ತು. ಐದು ಕೊಟ್ಟೆ, ಐದು ಉಳಿಯಿತು. ಮೂರು ಕಾರ್ಡು, ಐದು ಬಿಡಿ.

ಪುಟ್ಟನ ಹಳೆಯ ಪ್ರಶ್ನೆ ಕೇಳೋಣವೆಂದು ಕೈ ಎತ್ತಿದೆ. ಒಂದು ಕಡ ತಗೊಂಡ್ರೆ ಹತ್ತು ಹೇಗೆ ಬಂತು? ಎತ್ತಿದ ಕೈಯಲ್ಲೇ ಬರಿದಾದ ರಟ್ಟು ಇತ್ತು. ಯಾರೂ ಯಾರಿಂದಲೂ ಕಡ ತಂದಿರಲಿಲ್ಲ. ಪಕ್ಕದ ಮನೆಯೇ ಇರಲಿಲ್ಲ. ನನ್ನದೇ ಕಾರ್ಡು, ನಾನೇ ಬಿಚ್ಚಿದ್ದು. ವಾಪಸ್ ಕೊಡುವ ಮಾತೆಲ್ಲಿ? ಇಷ್ಟು ವರ್ಷ ನಾನು ಕೇಳಿ ಕೇಳಿ ಎಲ್ಲರ ಬಾಯಿ ಮುಚ್ಚಿಸಿದ ಪ್ರಶ್ನೆಗೆ ಉತ್ತರ ಇಷ್ಟು ಸಲೀಸಾಗಿತ್ತು.

"ಓಹೋಹೋ!" ಎಂದು ಕೂಗಿಬಿಟ್ಟೆ. "ಮೂವತ್ತೈದು ಟೀಚರ್! ಮೂವತ್ತೈದು!" ಆ ಕೂಗಿನಲ್ಲಿ ನಾಟಕ ಒಂದಿಷ್ಟೂ ಇರಲಿಲ್ಲ. ತರಗತಿಯ ಮೀಸೆ ಹೊತ್ತ ಮಕ್ಕಳೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಪೋಸ್ಟ್‌ಮಾಸ್ಟರು "ಬಂತು! ಬಂತು! ಲೆಕ್ಕ ವಾಪಸ್ ಬಂತು!" ಎಂದು ಬಾಗಿಲಲ್ಲೇ ಕುಣಿದರು.

ಅಧಿಕಾರಿ ಮೇಡಂ ಮೆಲ್ಲಗೆ ನನ್ನ ಬೆಂಚಿನ ಬಳಿ ಬಂದರು. "ನಿಮ್ಮ ಬಗ್ಗೆ ಗೇಟ್ ಹತ್ರ ಒಬ್ರು ಹಿರಿಯರು ಏನೋ ಹೇಳಿದ್ರು. ಒಂದು ಪ್ರಶ್ನೆ ಕೇಳ್ತೀನಿ. ನೂರರಲ್ಲಿ ಏಳು ಹೋದ್ರೆ ಎಷ್ಟು?"

ನನ್ನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ತೊಂಬತ್ತಮೂರು, ಮೇಡಂ" ಎಂದೆ. "ಆದ್ರೆ ಪುಟ್ಟನ್ನ ಕೇಳಿದ್ರೆ ನೂರ ಏಳು."

"ಯಾರು ಪುಟ್ಟ?"

ಹೇಳಿದೆ. ಬೆಂಚು, ಬಚ್ಚಲುಮನೆ, ಕನ್ನಡಿ, ಡಾಕ್ಟರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಮೇಡಂ ಬಿಗಿಯಾಗಿ ಕೇಳುತ್ತಾ ನಿಂತಿದ್ದರು.

"ನೂರ ಏಳರಲ್ಲಿ ಮತ್ತೆ ಏಳು ಕಳೆದ್ರೆ?"

"ನೂರು, ಮೇಡಂ."

"ಮತ್ತೆ ಕಳೆದ್ರೆ?"

"ನೂರ ಏಳು."

"ಮತ್ತೆ?" ಎಂದು ಕೇಳುವಷ್ಟರಲ್ಲಿ ಅವರ ತುಟಿ ಅದುರಿತು. ಮರುಗಳಿಗೆ ಬಿಗಿಯಾದ ಮುಖ ಬಿರಿದು, ಬೆಂಚು ಹಿಡಿದುಕೊಂಡು ನಗಲಾರಂಭಿಸಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಎಲ್ಲರೆದುರಿಗೆ, ನನ್ನ ಬೆಂಚಿನ ಮೇಲೆಯೇ ಕಾಗದವಿಟ್ಟು ಸಹಿ ಹಾಕಿದರು. ಹೋಗುವಾಗ ದರ್ಜಿ ಮಗಳ ತಲೆ ಸವರಿ, ಬರಿದಾದ ಆ ರಟ್ಟನ್ನು ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡರು.

ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹೆಂಡತಿ ಬಂದು ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಡಾಕ್ಟರ ಮಾತಿಗೆ ಎಳ್ಳುನೀರು ಬಿಟ್ಟು, ಅಷ್ಟೂ ದಿನದ ಹೂಂಗಳಿಗೆ ಬಡ್ಡಿ ಸೇರಿಸಿ ಬೈದಳು. ಆ ಬೈಗುಳ ಕೇಳಿ ನನಗೆ ಎಷ್ಟು ನೆಮ್ಮದಿಯಾಯಿತೆಂದು ಹೇಳಲಾರೆ.

ದರ್ಜಿ ಮಗಳು ಮಾತ್ರ ಮುಖ ಊದಿಸಿಕೊಂಡು ನಿಂತಿದ್ದಳು. "ನಿಜವಾಗ್ಲೂ ಮರ್ತಿರ್ಲಿಲ್ವಾ ಸರ್? ನಿಮಗೆ ಹೀಗಾಯ್ತಲ್ಲ ಅಂತ ನಾನು ಊಟಾನೂ ಬಿಟ್ಟು ಕಾರ್ಡು ಜೋಡಿಸ್ಕೊಂಡು ಕೂತಿದ್ದೆ. ಮತ್ತೆ ನಾಟಕಾನಾ?"

"ನನ್ನದು ನಾಟಕ ಕಣಮ್ಮ. ನಿನ್ನ ಪಾಠ ನಾಟಕ ಆಗಿರ್ಲಿಲ್ಲ. ನನಗೆ ಗೊತ್ತಿಲ್ಲ ಅಂತ ನಂಬಿ ಹೇಳ್ಕೊಟ್ಟವಳು ನೀನೊಬ್ಬಳೇ. ಪಾಸು" ಎಂದೆ. ಕೋಪ ಇಳಿಯಿತು, ಚೆಲ್ಲಿದ ಗುಂಡಿಗಳನ್ನು ನನ್ನ ಕೈಯಲ್ಲೇ ಹೆಕ್ಕಿಸಿ ಎಣಿಸಿಕೊಂಡಳು.

ಈಗ ಬೀರುವಿಗೆ ಹಿಡಿ ಬಂದಿದೆ. ಅಭ್ಯಾಸಬಲದಿಂದ ನಾನು ಸೌಟು ಹಿಡಿದುಕೊಂಡು ಹೋಗುತ್ತೇನೆ, ಅದು ಬೇರೆ ಮಾತು. ಆದರೆ ಪುಟ್ಟನ ವಿಷಯವನ್ನು ಪೋಸ್ಟ್‌ಮಾಸ್ಟರು ಇಂದಿಗೂ ನಂಬಿಲ್ಲ. ನನ್ನನ್ನು ಆ ಹುಡುಗಿಯೇ ಗುಂಡಿ ಕೊಟ್ಟು ಗುಣಪಡಿಸಿದಳೆಂದು ಊರಿಗೆಲ್ಲ ಹೇಳುತ್ತಾರೆ. ರೋಗ ಮರುಕಳಿಸಬಹುದೆಂಬ ಭಯವೂ ಅವರಿಗಿದೆ. ಆದ್ದರಿಂದ ಪ್ರತಿದಿನ ಬೆಳಗ್ಗೆ ನಾನು ಬಚ್ಚಲಿಗೆ ಹೋದೊಡನೆ ಗೋಡೆಯ ಮೇಲೆ ಟಕಟಕ ಸದ್ದಾಗುತ್ತದೆ.

"ಮೇಷ್ಟ್ರೇ! ಐವತ್ತೆರಡರಲ್ಲಿ ಹದಿನೇಳು?"

ತಲೆ ಮೇಲೆ ನೀರು ಹುಯ್ದುಕೊಳ್ಳುವ ಮೊದಲು ನಾನು ಗಟ್ಟಿಯಾಗಿ ಕೂಗಬೇಕು: "ಮೂವತ್ತೈದು!"

ಗೋಡೆಯಾಚೆಯಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸುತ್ತದೆ. ಅದರ ಹಿಂದೆಯೇ, ಅಡುಗೆಮನೆಯಿಂದ ಇನ್ನೊಂದು. ಇಬ್ಬರೂ ಒಟ್ಟಿಗೇ ಹೇಳುತ್ತಾರೆ: "ಸದ್ಯ!"